ನೆನಪನ್ನು ಹೊತ್ತ ಫಲನಗಳು

ಕಾಲೇಜಿನ ಭೌತವಿಜ್ಞಾನ ಪ್ರಯೋಗಶಾಲೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗದಿಂದ ಈ ಲೇಖನವನ್ನು ಆರಂಭಿಸುತ್ತೇವೆ. ಉಕ್ಕಿನ ಗೋಲವೊಂದರ ಸಾಂದ್ರತೆಯನ್ನು ಕಂಡುಹಿಡಿಯುವ ಪ್ರಯೋಗ ಅಂದು ನಡೆಯುತ್ತಿದ್ದಿತು. ಗೋಲದ ವ್ಯಾಸವನ್ನು ವರ್ನಿಯರ್ ಕ್ಯಾಲಿಪರ್ಸಿನಿಂದ ಅಳೆಯಬೇಕು. ದ್ರವ್ಯರಾಶಿಯನ್ನು ತಕ್ಕಡಿಯಿಂದ ತಿಳಿಯಬೇಕು. ಉಪಕರಣ ಹಳೆಯದು. ಅದರ ದವಡೆಗಳನ್ನು ಪೂರ್ತಿಯಾಗಿ ಕೂಡಿಸಿದಾಗಲೂ ಅಳತೆ ಸೊನ್ನೆಗೆ ಬಾರದೆ 0.03 ಸೆಂಟಿಮೀಟರಿನಲ್ಲಿ ನಿಲ್ಲುತ್ತಿದ್ದಿತು. ಇದಕ್ಕೆ ಶೂನ್ಯ ದೋಷವೆಂದು ಹೆಸರು. ಅದನ್ನು ನಾವು ಕರಿಹಲಗೆಯ ಮೇಲೆ ಬರೆದು, ಪ್ರತಿಯೊಂದು ಅಳತೆಯಿಂದಲೂ ಇಷ್ಟನ್ನು ಕಳೆಯಬೇಕೆಂದು ವಿದ್ಯಾರ್ಥಿಗಳಿಗೆ ಹೇಳಿದೆವು.

ಗಂಟೆ ಹೊಡೆಯಿತು. ಮುಂದಿನ ತಂಡ ಬಂದಿತು. ಯಾರೋ ಹಲಗೆಯನ್ನು ಒರೆಸಿ, ಬೇರೊಂದು ಉಪಕರಣದ ಶೂನ್ಯ ದೋಷವನ್ನು ಅದೇ ಜಾಗದಲ್ಲಿ ಬರೆದರು. ಅದು ಋಣ 0.02 ಸೆಂಟಿಮೀಟರು. ಮೊದಲ ತಂಡದ ಒಬ್ಬ ವಿದ್ಯಾರ್ಥಿ ಮಾತ್ರ ಲೆಕ್ಕವನ್ನು ಮುಗಿಸದೆ ಮೂಲೆಯಲ್ಲಿ ಉಳಿದಿದ್ದನು. ಅವನ ಅಳತೆ 2.46 ಸೆಂಟಿಮೀಟರು. ಶೂನ್ಯ ದೋಷವನ್ನು ಕಳೆಯುವ ಸಮಯ ಬಂದಾಗ ಅವನು ತಲೆಯೆತ್ತಿ ಹಲಗೆಯನ್ನು ನೋಡಿದನು. ಅಲ್ಲಿದ್ದ ಸಂಖ್ಯೆಯನ್ನು ಬಳಸಿದನು. 2.43 ಆಗಬೇಕಾಗಿದ್ದ ವ್ಯಾಸ 2.48 ಆಯಿತು. ಗೋಲದ ಗಾತ್ರ ವ್ಯಾಸದ ಘನಕ್ಕೆ ಅನುಗುಣವಾದುದರಿಂದ, ವ್ಯಾಸದಲ್ಲಿ ಶೇಕಡ 2ರಷ್ಟಿದ್ದ ತಪ್ಪು ಗಾತ್ರದಲ್ಲಿ ಶೇಕಡ 6ನ್ನು ಮೀರಿತು. ಘನ ಸೆಂಟಿಮೀಟರಿಗೆ 7.8 ಗ್ರಾಂ ಬರಬೇಕಾಗಿದ್ದ ಉಕ್ಕಿನ ಸಾಂದ್ರತೆ 7.34 ಎಂದು ಬಂದಿತು. "ಹಲಗೆಯ ಮೇಲೆ ಇದ್ದುದನ್ನೇ ಬರೆದುಕೊಂಡೆ, ಸಾರ್" ಎಂದನು ಹುಡುಗ. ಅವನ ಮಾತು ನಿಜ. ಅವನು ಲೆಕ್ಕದಲ್ಲಿ ತಪ್ಪಿರಲಿಲ್ಲ. ಅವನು ನಂಬಿದ್ದ ಹಲಗೆಯ ಮೇಲಿನ ಸಂಖ್ಯೆಯ ಆಯುಸ್ಸು ಅವನ ಲೆಕ್ಕದ ಆಯುಸ್ಸಿಗಿಂತ ಕಡಿಮೆಯಾಗಿದ್ದಿತು, ಅಷ್ಟೆ.

ಗಣಕಯಂತ್ರಗಳ ಕ್ರಮವಿಧಿಗಳಲ್ಲಿ, ಎಂದರೆ ಪ್ರೋಗ್ರಾಮುಗಳಲ್ಲಿ, ಇದೇ ಬಗೆಯ ತಪ್ಪು ದಶಕಗಳಿಂದ ನಡೆದುಬಂದಿದೆ. ಅಲ್ಲಿ ಅದರಿಂದ ಕೆಡುವುದು ಒಬ್ಬ ವಿದ್ಯಾರ್ಥಿಯ ದಾಖಲೆ ಪುಸ್ತಕ ಮಾತ್ರವಲ್ಲ. ಈ ತಪ್ಪನ್ನು ಕ್ರಮವಿಧಿ ಓಡುವುದಕ್ಕೆ ಮೊದಲೇ ಹಿಡಿದು ತೋರಿಸುವ ಒಂದು ಭಾಷೆಯನ್ನೂ, ಅದರಲ್ಲಿ 'ಕ್ಲೋಷರ್' ಎಂದು ಕರೆಯುವ ವಿಶೇಷ ರೀತಿಯ ಫಲನಗಳನ್ನೂ ವಾಚಕರಿಗೆ ಪರಿಚಯಮಾಡಿಕೊಡುವುದು ನಮ್ಮ ಉದ್ದೇಶ.

ಫಲನವೂ ಅದರ ಹೆಸರೂ

ಗಣಿತದಲ್ಲಿ ಫಂಕ್ಷನ್ ಎಂಬುದನ್ನು ಕನ್ನಡದಲ್ಲಿ ಫಲನವೆಂದೂ ಉತ್ಪನ್ನವೆಂದೂ ಹೇಳುವುದುಂಟು. ಒಂದು ಬೆಲೆಯನ್ನು ಕೊಟ್ಟರೆ, ನಿಯಮವೊಂದಕ್ಕೆ ಅನುಸಾರವಾಗಿ ಇನ್ನೊಂದು ಬೆಲೆಯನ್ನು ಹಿಂದಿರುಗಿಸುವುದು ಅದರ ಕೆಲಸ. ಗಣಕದ ಭಾಷೆಗಳಲ್ಲಿಯೂ ಫಲನದ ಅರ್ಥ ಹೆಚ್ಚುಕಡಮೆ ಇದೇ. ಸಾಮಾನ್ಯವಾಗಿ ಪ್ರತಿಯೊಂದು ಫಲನಕ್ಕೂ ಒಂದು ಹೆಸರನ್ನಿಟ್ಟು, ಬೇಕಾದಾಗಲೆಲ್ಲ ಆ ಹೆಸರಿನಿಂದ ಅದನ್ನು ಕರೆಯುತ್ತಾರೆ.

ಆದರೆ ಎಲ್ಲ ನಿಯಮಗಳಿಗೂ ಹೆಸರು ಬೇಕೆಂದೇನೂ ಇಲ್ಲ. ಮಾರುಕಟ್ಟೆಗೆ ಹೊರಟ ಮಗನಿಗೆ ತಾಯಿ "ಎಳೆಯ ಬದನೆಕಾಯನ್ನು ಮಾತ್ರ ಆರಿಸಿ ತಾ" ಎನ್ನುತ್ತಾಳೆ. 'ಆರಿಸು' ಎಂಬುದು ಹುಡುಗನಿಗೆ ಗೊತ್ತಿರುವ ಕೆಲಸ. 'ಎಳೆಯದು ಹೌದೇ ಅಲ್ಲವೇ' ಎಂದು ನಿರ್ಣಯಿಸುವ ನಿಯಮ ಆ ಕೆಲಸಕ್ಕೆ ಕೊಟ್ಟ ಇನ್ನೊಂದು ನಿಯಮ. ಅದಕ್ಕೆ ಯಾರೂ ಹೆಸರಿಡಲಿಲ್ಲ. ಆ ಒಂದು ಸಂದರ್ಭಕ್ಕೆ ಅದು ಹುಟ್ಟಿತು, ಕೆಲಸ ಮುಗಿದ ಮೇಲೆ ಮರೆಯಾಯಿತು. ಗಣಕದ ಭಾಷೆಯಲ್ಲಿ ಇಂಥದನ್ನು ಅನಾಮಿಕ ಫಲನ ಎನ್ನಬಹುದು.

ಈಗ ತಾಯಿಯ ಮಾತನ್ನು ಸ್ವಲ್ಪ ಬದಲಿಸೋಣ. "ನಿನ್ನೆ ತಂದುದಕ್ಕಿಂತ ಎಳೆಯದನ್ನು ಆರಿಸಿ ತಾ." ಈ ನಿಯಮವನ್ನು ಪಾಲಿಸಬೇಕಾದರೆ ಕಣ್ಣೆದುರಿಗಿನ ಕಾಯನ್ನು ನೋಡಿದರೆ ಸಾಲದು, ನಿನ್ನೆಯ ಕಾಯಿ ಹೇಗಿದ್ದಿತೆಂಬುದೂ ನೆನಪಿರಬೇಕು. ಆ ನೆನಪು ಮಾರುಕಟ್ಟೆಯಲ್ಲಿ ದೊರೆಯುವುದಿಲ್ಲ. ಮನೆಯಿಂದ ಹೊತ್ತುಕೊಂಡು ಹೋಗಬೇಕು. ಹೀಗೆ ತಾನು ಹುಟ್ಟಿದ ಸ್ಥಳದ ಕೆಲವು ಬೆಲೆಗಳನ್ನು ಜೊತೆಯಲ್ಲಿ ಕಟ್ಟಿಕೊಂಡು ಹೊರಡುವ ಫಲನಕ್ಕೆ ಕ್ಲೋಷರ್ ಎಂದು ಹೆಸರು.

ನಮ್ಮ ಶೂನ್ಯ ದೋಷದ ನಿಯಮವೂ ಇಂಥದೇ. ರಸ್ಟ್ ಎಂಬ ಭಾಷೆಯಲ್ಲಿ ಅದನ್ನು ಹೀಗೆ ಬರೆಯಬಹುದು:

|ಅಳತೆ| ಅಳತೆ - ದೋಷ

ಎರಡು ನಿಲುಗೆರೆಗಳ ನಡುವೆ ಇರುವುದು ಪ್ರತಿ ಬಾರಿಯೂ ಹೊರಗಿನಿಂದ ಕೊಡುವ ಬೆಲೆ. ಅನಂತರ ಇರುವುದು ನಿಯಮ. ಇದು ವಿವರಣೆಗಾಗಿ ನಾವು ಮಾಡಿದ ಅನುವಾದವೆಂದು ವಾಚಕರು ತಿಳಿಯಬಾರದು. 2021ರಲ್ಲಿ ಬಂದ 1.53ನೆಯ ಆವೃತ್ತಿಯಿಂದ ರಸ್ಟ್ ಭಾಷೆಯಲ್ಲಿ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೂ ಇಡಬಹುದು. ಮೇಲಿನ ಸಾಲನ್ನು ಕ್ರಮವಿಧಿಯ ತಕ್ಕ ಸ್ಥಳದಲ್ಲಿ ಇಟ್ಟರೆ ಗಣಕ ಅದನ್ನು ಇದ್ದಂತೆಯೇ ಒಪ್ಪಿಕೊಳ್ಳುತ್ತದೆ. ಇಲ್ಲಿ 'ಅಳತೆ' ಎಲ್ಲಿಂದ ಬರುವುದೆಂಬುದು ಸ್ಪಷ್ಟವಾಗಿದೆ. 'ದೋಷ' ಎಲ್ಲಿಂದ ಬರುವುದು? ನಿಯಮದೊಳಗೆ ಅದಕ್ಕೆ ಉತ್ತರವಿಲ್ಲ. ಈ ಲೇಖನದ ತಿರುಳೆಲ್ಲ ಆ ಒಂದು ಪ್ರಶ್ನೆಯಲ್ಲಿ ಅಡಗಿದೆ.

ಹೆಸರು ಬಂದ ಬಗೆ

ಅಮೆರಿಕದ ತರ್ಕಶಾಸ್ತ್ರಜ್ಞ ಅಲೊಂಜೊ ಚರ್ಚ್ 1930ರ ದಶಕದಲ್ಲಿ, ಎಂದರೆ ವಿದ್ಯುನ್ಮಾನ ಗಣಕಗಳು ಹುಟ್ಟುವುದಕ್ಕೆ ಮೊದಲೇ, ಹೆಸರಿಲ್ಲದ ಫಲನಗಳನ್ನು ಬರೆಯುವ ಒಂದು ಪದ್ಧತಿಯನ್ನು ರಚಿಸಿದನು. ಗ್ರೀಕ್ ಅಕ್ಷರವಾದ ಲ್ಯಾಮ್ಡಾದಿಂದ ಅವುಗಳನ್ನು ಸೂಚಿಸಿದುದರಿಂದ ಅದಕ್ಕೆ ಲ್ಯಾಮ್ಡಾ ಕಲನವೆಂದು ಹೆಸರಾಯಿತು. ಇಂದಿಗೂ ಅನೇಕ ಭಾಷೆಗಳಲ್ಲಿ ಅನಾಮಿಕ ಫಲನವನ್ನು ಲ್ಯಾಮ್ಡಾ ಎಂದೇ ಕರೆಯುವರು. ಈ ಪದ್ಧತಿಯಲ್ಲಿ ನಮ್ಮ ಸಾಲಿನ 'ಅಳತೆ'ಯಂಥದು ಬದ್ಧ ಚರ. 'ದೋಷ'ದಂಥದು ಮುಕ್ತ ಚರ. ಮುಕ್ತ ಚರವಿರುವ ನಿಯಮ ಬಾಗಿಲು ತೆರೆದ ಮನೆಯಂತೆ. ಹೊರಗಿನಿಂದ ಏನಾದರೂ ಒಳಗೆ ಬರಬಹುದು. ಆ ಚರಕ್ಕೆ ನಿಶ್ಚಿತವಾದ ಬೆಲೆಯನ್ನು ಜೊತೆಗೂಡಿಸಿದಾಗ ಬಾಗಿಲು ಮುಚ್ಚಿದಂತಾಗುವುದು. ಹೀಗೆ ನಿಯಮವನ್ನೂ ಅದಕ್ಕೆ ಬೇಕಾದ ಬೆಲೆಗಳನ್ನೂ ಒಟ್ಟಾಗಿ ಕಟ್ಟಿದ ಗಂಟಿಗೆ ಬ್ರಿಟನ್ನಿನ ಪೀಟರ್ ಲ್ಯಾಂಡಿನ್ 1964ರಲ್ಲಿ ಕ್ಲೋಷರ್, ಎಂದರೆ ಮುಚ್ಚಿದುದು, ಎಂಬ ಹೆಸರನ್ನು ಕೊಟ್ಟನು.

ಬಾಗಿಲನ್ನು ಯಾವಾಗ ಮುಚ್ಚಬೇಕೆಂಬುದು ಮೊದಲಿಗೆ ಎಲ್ಲರಿಗೂ ಸ್ಪಷ್ಟವಾಗಿರಲಿಲ್ಲ. ಜಾನ್ ಮೆಕಾರ್ಥಿ 1958ರಲ್ಲಿ ಆರಂಭಿಸಿದ ಲಿಸ್ಪ್ ಭಾಷೆಯ ಮೊದಲ ರೂಪಗಳಲ್ಲಿ ಮುಕ್ತ ಚರದ ಬೆಲೆಯನ್ನು ಫಲನ ಹುಟ್ಟಿದ ಸ್ಥಳದಲ್ಲಿ ಹುಡುಕದೆ, ಅದನ್ನು ಕರೆದ ಹೊತ್ತಿನಲ್ಲಿ ಚಾಲ್ತಿಯಲ್ಲಿದ್ದ ಬೆಲೆಯನ್ನೇ ತೆಗೆದುಕೊಳ್ಳುತ್ತಿದ್ದರು. ನಮ್ಮ ವಿದ್ಯಾರ್ಥಿ ಮಾಡಿದುದೂ ಇದನ್ನೇ. 1975ರಲ್ಲಿ ಜೆರಾಲ್ಡ್ ಸಸ್ಮನ್ ಮತ್ತು ಗೈ ಸ್ಟೀಲ್ ಎಂಬುವರು ರಚಿಸಿದ ಸ್ಕೀಮ್ ಎಂಬ ಭಾಷೆ, ಫಲನವು ತಾನು ಹುಟ್ಟಿದ ಸ್ಥಳದ ಬೆಲೆಗಳನ್ನೇ ಹಿಡಿದಿಟ್ಟುಕೊಳ್ಳಬೇಕೆಂಬ ಕ್ರಮವನ್ನು ಲಿಸ್ಪಿನ ಕುಲದಲ್ಲಿ ನೆಲೆಗೊಳಿಸಿತು.

ನೆನಪು ಇರುವುದೆಲ್ಲಿ?

ಹಿಡಿದಿಟ್ಟುಕೊಳ್ಳಬೇಕೆಂದು ಹೇಳುವುದು ಸುಲಭ. ಎಲ್ಲಿ ಹಿಡಿದಿಡುವುದು? ಗಣಕದಲ್ಲಿ ಪ್ರತಿಯೊಂದು ಬೆಲೆಯೂ ಸ್ಮೃತಿಕೋಶದ ಯಾವುದಾದರೊಂದು ಮನೆಯಲ್ಲಿ ಇರಲೇಬೇಕು. ಒಂದು ಫಲನ ಕೆಲಸಮಾಡುವಾಗ ಅದಕ್ಕೆ ಬೇಕಾದ ತಾತ್ಕಾಲಿಕ ಬೆಲೆಗಳನ್ನು ಸ್ಟ್ಯಾಕ್ ಎಂಬ ಭಾಗದಲ್ಲಿ ಇಡುತ್ತಾರೆ. ಮದುವೆಯ ಮನೆಯಲ್ಲಿ ಪೇರಿಸಿಟ್ಟ ತಟ್ಟೆಗಳಂತೆ ಸ್ಟ್ಯಾಕ್ ಬೆಳೆಯುವುದೂ ಕರಗುವುದೂ ಮೇಲಿನ ತುದಿಯಲ್ಲಿಯೇ. ಫಲನವನ್ನು ಕರೆದಾಗ ಮೇಲೊಂದು ತಟ್ಟೆ ಬೀಳುತ್ತದೆ. ಫಲನ ಮುಗಿದಾಗ ಆ ತಟ್ಟೆ ಹೋಗುತ್ತದೆ. ಅದೇ ಜಾಗಕ್ಕೆ ಮುಂದೆ ಕರೆಯುವ ಇನ್ನೊಂದು ಫಲನದ ತಟ್ಟೆ ಬರುತ್ತದೆ. ಕರಿಹಲಗೆಯನ್ನು ಒರೆಸಿ ಬರೆಯುವುದಕ್ಕೂ ಇದಕ್ಕೂ ಭೇದವಿಲ್ಲ.

ಲಿಸ್ಪ್ ಮತ್ತು ಅದರ ದಾರಿಯಲ್ಲಿ ನಡೆದ ಭಾಷೆಗಳು ಈ ತೊಡಕಿಗೆ ಒಂದು ಪರಿಹಾರವನ್ನು ಕಂಡುಕೊಂಡವು. ನೆನಪಿಡಬೇಕಾದ ಬೆಲೆಗಳನ್ನು ಸ್ಟ್ಯಾಕಿನ ಹೊರಗೆ ಇಟ್ಟು, ಯಾರಿಗೂ ಬೇಡವಾದ ಬೆಲೆಗಳನ್ನು ಆಗಿಂದಾಗ್ಗೆ ಹುಡುಕಿ ಗುಡಿಸಿಹಾಕಲು ಒಬ್ಬ ಜವಾನನಂಥ ವ್ಯವಸ್ಥೆಯನ್ನು ನೇಮಿಸಿದವು. ಇದು ಬಹು ಅನುಕೂಲವಾದುದು. ಆದರೆ ಗುಡಿಸುವ ಕೆಲಸಕ್ಕೆ ಕಾಲ ಹಿಡಿಯುವುದು. ಅದು ಯಾವ ಕ್ಷಣದಲ್ಲಿ ನಡೆಯುವುದೆಂದು ಮುಂಚಿತವಾಗಿ ಹೇಳುವುದು ಕಷ್ಟ. ಗಣಕದ ಮೂಲ ವ್ಯವಸ್ಥೆಯನ್ನು ನಡೆಸುವ ತಂತ್ರಾಂಶ, ಕಾರಿನ ಬ್ರೇಕನ್ನು ನಿಯಂತ್ರಿಸುವ ಸಣ್ಣ ಗಣಕ ಮೊದಲಾದ ಕಡೆಗಳಲ್ಲಿ ಇಂಥ ಅನಿಶ್ಚಯ ಸಲ್ಲದು. ಅಂಥ ಕೆಲಸಗಳಿಗೆ ಬಳಸುವ ಭಾಷೆಗಳನ್ನು ಸಿಸ್ಟಮ್ಸ್ ಭಾಷೆಗಳೆನ್ನುವರು. ಡೆನಿಸ್ ರಿಚಿ 1972ರ ಸುಮಾರಿನಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ರೂಪಿಸಿದ ಸಿ ಭಾಷೆ ಇವುಗಳಲ್ಲಿ ಪ್ರಸಿದ್ಧವಾದುದು. ಅಲ್ಲಿ ಜವಾನನಿಲ್ಲ, ಯಾವ ಬೆಲೆ ಎಷ್ಟು ಕಾಲ ಇರಬೇಕೆಂಬುದು ಬರೆಯುವವನ ಹೊಣೆ.

ಸಿ ಭಾಷೆಯಲ್ಲಿ ಒಂದು ಫಲನವನ್ನು ಇನ್ನೊಂದಕ್ಕೆ ಕೊಡಬಹುದು. ಆದರೆ ಆ ಫಲನ ನೆನಪನ್ನು ಹೊತ್ತುಹೋಗುವಂತಿಲ್ಲ. ಅದರ ಗ್ರಂಥಭಂಡಾರದಲ್ಲಿ ಪಟ್ಟಿಗಳನ್ನು ಕ್ರಮವಾಗಿ ಜೋಡಿಸಿಕೊಡುವ ಕ್ಯೂಸಾರ್ಟ್ ಎಂಬ ಫಲನವಿದೆ. ಎರಡು ಬೆಲೆಗಳಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಎಂದು ಹೇಳುವ ನಿಯಮವನ್ನು ನಾವು ಅದಕ್ಕೆ ಕೊಡಬೇಕು. ನಮ್ಮ 20 ಅಳತೆಗಳನ್ನು ಸರಾಸರಿಯಿಂದ ಅವು ಎಷ್ಟು ದೂರವಿವೆ ಎಂಬುದರ ಮೇಲೆ ಜೋಡಿಸಬೇಕೆಂದಿಟ್ಟುಕೊಳ್ಳೋಣ. ನಮ್ಮ ನಿಯಮಕ್ಕೆ ದೊರೆಯುವುದು ಎರಡು ಅಳತೆಗಳು ಮಾತ್ರ. ಸರಾಸರಿಯನ್ನು ಅದಕ್ಕೆ ತಲುಪಿಸಲು ದಾರಿಯೇ ಇಲ್ಲ. ಆಗ ಸರಾಸರಿಯನ್ನು ಎಲ್ಲರಿಗೂ ಕಾಣುವಂಥ ಜಾಗದಲ್ಲಿ ಬರೆದಿಡಬೇಕಾಗುವುದು. ಮತ್ತೆ ಕರಿಹಲಗೆಯೇ!

ಬೇರೆ ಕೆಲವು ಕಡೆ ನಿಯಮದ ಜೊತೆಯಲ್ಲಿ ಬೆಲೆಯಿರುವ ಮನೆಯ ವಿಳಾಸವನ್ನು ಕಳುಹಿಸುವುದುಂಟು. ನಾವೇ ಒಮ್ಮೆ ಹೀಗೆ ಮಾಡಿ ಪೆಟ್ಟು ತಿಂದೆವು. ನ್ಯೂಟನ್ನನ ಶೈತ್ಯೀಕರಣ ನಿಯಮವನ್ನು ವಿದ್ಯಾರ್ಥಿಗಳಿಗೆ ತೋರಿಸಲು, ಬಿಸಿನೀರಿನ ಉಷ್ಣತೆಯನ್ನು ಅರ್ಧ ನಿಮಿಷಕ್ಕೊಮ್ಮೆ ತಾನೇ ದಾಖಲಿಸುವ ಒಂದು ಪುಟ್ಟ ಸಾಧನವನ್ನು ಸಿದ್ಧಪಡಿಸಿದ್ದೆವು. ಪ್ರತಿ ಸಲವೂ ನೀರಿನ ಉಷ್ಣತೆಯಿಂದ ಕೋಣೆಯ ಉಷ್ಣತೆಯನ್ನು ಕಳೆಯಬೇಕು. ಕೋಣೆಯ ಉಷ್ಣತೆಯನ್ನು ಆರಂಭದ ಫಲನವೊಂದರಲ್ಲಿ ಅಳೆದು, ಅದರ ವಿಳಾಸವನ್ನು ಗಡಿಯಾರದ ಫಲನಕ್ಕೆ ಒಪ್ಪಿಸಿದೆವು. ಆರಂಭದ ಫಲನ ಮುಗಿಯಿತು. ಅದರ ತಟ್ಟೆ ಹೋಯಿತು. ವಿಳಾಸ ಮಾತ್ರ ಉಳಿಯಿತು. ಮೊದಲ ಒಂದೆರಡು ಬೆಲೆಗಳು ಸರಿಯಾಗಿಯೇ ಬಂದುವು. ಹಳೆಯ ಬರಹ ಇನ್ನೂ ಅಳಿದಿರಲಿಲ್ಲ. ಆಮೇಲೆ ಬಂದ ಸಂಖ್ಯೆಗಳಿಗೆ ತಲೆಯೂ ಇಲ್ಲ, ಬುಡವೂ ಇಲ್ಲ. ಸರಳರೇಖೆಯಾಗಬೇಕಾಗಿದ್ದ ಲಾಗರಿತಮ್ ನಕ್ಷೆ ಎಲ್ಲಿಗೋ ಓಡಿತು. ಉಷ್ಣತಾಮಾಪಕವನ್ನು ಬದಲಿಸಿದೆವು, ತಂತಿಗಳನ್ನು ಬದಲಿಸಿದೆವು. ತಪ್ಪಿರುವುದು ಕ್ರಮವಿಧಿಯಲ್ಲಿ ಎಂದು ತಿಳಿಯುವ ವೇಳೆಗೆ ಇಡೀ ಒಂದು ಮಧ್ಯಾಹ್ನ ಕಳೆದಿದ್ದಿತು. ಕ್ರಮವಿಧಿಯನ್ನು ಯಂತ್ರದ ಭಾಷೆಗೆ ಅನುವಾದಿಸುವ ಕಂಪೈಲರ್ ಆ ತಪ್ಪಿನ ವಿಷಯವಾಗಿ ಒಂದು ಮಾತನ್ನೂ ಆಡಿರಲಿಲ್ಲ.

ನಮಗಾದುದು ಒಂದು ಮಧ್ಯಾಹ್ನದ ನಷ್ಟ. ಹೊರಗಿನ ಪ್ರಪಂಚದಲ್ಲಿ ನಷ್ಟ ಇದಕ್ಕಿಂತ ಬಹಳ ದೊಡ್ಡದು. ತಮ್ಮ ತಂತ್ರಾಂಶದಲ್ಲಿ ಪ್ರತಿ ವರ್ಷವೂ ಕಂಡುಬರುವ ಭದ್ರತಾದೋಷಗಳಲ್ಲಿ ಸುಮಾರು ಶೇಕಡ 70ರಷ್ಟು ಸ್ಮೃತಿಕೋಶದ ತಪ್ಪು ಬಳಕೆಯಿಂದ ಹುಟ್ಟಿದವೆಂದು ಮೈಕ್ರೋಸಾಫ್ಟ್ ಸಂಸ್ಥೆಯ ತಜ್ಞರು 2019ರಲ್ಲಿ ತಿಳಿಸಿದರು. ಕ್ರೋಮ್ ಬ್ರೌಸರಿನ ಗಂಭೀರ ದೋಷಗಳ ವಿಷಯದಲ್ಲಿ 2020ರಲ್ಲಿ ಪ್ರಕಟವಾದ ಪ್ರಮಾಣವೂ ಹೆಚ್ಚುಕಡಮೆ ಅಷ್ಟೇ. ಬೆಲೆ ಅಳಿದ ಮೇಲೂ ವಿಳಾಸವನ್ನು ನಂಬುವುದು ಈ ತಪ್ಪುಗಳಲ್ಲಿ ಒಂದು ಮುಖ್ಯ ಬಗೆ. ಅಳಿದ ಜಾಗದಲ್ಲಿ ತನಗೆ ಬೇಕಾದುದನ್ನು ಬರೆಯಬಲ್ಲ ದುಷ್ಟನೊಬ್ಬನಿದ್ದರೆ, ಗಣಕ ಅವನ ಕೈವಶವಾದಂತೆಯೇ ಸರಿ.

ಒಡೆತನ ಮತ್ತು ಎರವಲು

ಕೆನಡದ ಗ್ರೇಡನ್ ಹೋರ್ ಎಂಬ ತಜ್ಞ 2006ರಲ್ಲಿ ರಸ್ಟ್ ಭಾಷೆಯನ್ನು ಸ್ವಂತ ಹವ್ಯಾಸವಾಗಿ ಆರಂಭಿಸಿದನು. ಆತನ ವಸತಿಗೃಹದ ಲಿಫ್ಟು ತಂತ್ರಾಂಶದ ದೋಷದಿಂದ ನಿಂತುಹೋಗಿ, ಮೆಟ್ಟಿಲುಗಳನ್ನು ಹತ್ತಬೇಕಾಗಿ ಬಂದುದೇ ಇದಕ್ಕೆ ಪ್ರೇರಣೆಯೆಂದು ಹೇಳುತ್ತಾರೆ. 2009ರಲ್ಲಿ ಮೊಜಿಲ್ಲಾ ಸಂಸ್ಥೆ ಅದಕ್ಕೆ ಆಶ್ರಯ ಕೊಟ್ಟಿತು. 2015ರ ಮೇ 15ರಂದು ಅದರ 1.0 ಆವೃತ್ತಿ ಹೊರಬಂದಿತು. ಜವಾನನೂ ಇರಬಾರದು, ಅಳಿದ ಹಲಗೆಯನ್ನು ಓದುವ ಅಪಾಯವೂ ಇರಬಾರದು ಎಂಬುದು ಅದರ ಗುರಿ. ಇದು ಹೇಗೆ ಸಾಧ್ಯ?

ರಸ್ಟಿನಲ್ಲಿ ಪ್ರತಿಯೊಂದು ಬೆಲೆಗೂ ಒಬ್ಬನೇ ಒಡೆಯ. ಒಡೆಯನ ಆಯುಸ್ಸು ಮುಗಿದಾಗ ಬೆಲೆಯೂ ಹೋಗುತ್ತದೆ. ಇತರರು ಆ ಬೆಲೆಯನ್ನು ಎರವಲು ಪಡೆಯಬಹುದು. ಆದರೆ ಎರವಲಿಗೆ ಎರಡು ಕಟ್ಟಳೆಗಳಿವೆ. ಒಂದು: ಎರವಲು ಒಡೆಯನಿಗಿಂತ ಹೆಚ್ಚು ಕಾಲ ಬದುಕಬಾರದು. ಇನ್ನೊಂದು: ಓದುವುದಕ್ಕಾಗಿ ಎಷ್ಟು ಜನ ಬೇಕಾದರೂ ಒಟ್ಟಿಗೆ ಎರವಲು ಪಡೆಯಬಹುದು, ತಿದ್ದುವುದಕ್ಕಾಗಿ ಒಬ್ಬನು ಪಡೆದಿದ್ದರೆ ಆ ಹೊತ್ತಿನಲ್ಲಿ ಮತ್ತಾರೂ ಅದನ್ನು ಮುಟ್ಟುವಂತಿಲ್ಲ. ಈ ಕಟ್ಟಳೆಗಳು ಪಾಲನೆಯಾಗಿವೆಯೇ ಎಂದು ನೋಡುವವನು ಕಂಪೈಲರ್. ತಪ್ಪಿದ್ದರೆ ಅದು ಅನುವಾದವನ್ನೇ ನಿರಾಕರಿಸುತ್ತದೆ. ತಪ್ಪಿರುವ ಕ್ರಮವಿಧಿ ಓಡುವ ಪ್ರಸಂಗವೇ ಬರುವುದಿಲ್ಲ.

ಕ್ಲೋಷರಿನ ನೆನಪಿಗೂ ಇದೇ ಕಟ್ಟಳೆಗಳು ಅನ್ವಯಿಸುತ್ತವೆ. ಹೆಸರಿರುವ ಸಾಮಾನ್ಯ ಫಲನ ರಸ್ಟಿನಲ್ಲಿ ತನ್ನ ಸುತ್ತಲಿನ ತಾತ್ಕಾಲಿಕ ಬೆಲೆಗಳನ್ನು ಹಿಡಿಯಲಾರದು. ಆ ಶಕ್ತಿ ಕ್ಲೋಷರಿಗೆ ಮಾತ್ರ ಇದೆ. ಸಾಧ್ಯವಾದ ಕಡೆಯಲ್ಲೆಲ್ಲ ಅದು ಎರವಲಿನಿಂದಲೇ ತೃಪ್ತಿಪಡುತ್ತದೆ. ನಮ್ಮ '|ಅಳತೆ| ಅಳತೆ - ದೋಷ' ಎಂಬುದೂ 'ದೋಷ'ವನ್ನು ಓದಲು ಎರವಲು ಪಡೆಯುತ್ತದೆ. ಕ್ಲೋಷರನ್ನು ಅದೇ ಫಲನದೊಳಗೆ ಬಳಸಿ ಮುಗಿಸಿದರೆ ಯಾವ ತೊಂದರೆಯೂ ಇಲ್ಲ. ಆ ಎರವಲು ಇರುವವರೆಗೆ ಮೂಲ ಬೆಲೆಯನ್ನು ಯಾರೂ ತಿದ್ದುವಂತಿಲ್ಲ. ವಿದ್ಯಾರ್ಥಿ ಲೆಕ್ಕವನ್ನು ಮುಗಿಸುವವರೆಗೆ ಹಲಗೆಯನ್ನು ಒರೆಸಕೂಡದೆಂದು ಬಾಗಿಲಲ್ಲಿ ಕಾವಲು ನಿಂತಂತೆ.

ಅದೇ ಕ್ಲೋಷರನ್ನು ಫಲನದ ಹೊರಕ್ಕೆ ಕಳುಹಿಸಲು ಯತ್ನಿಸಿದರೆ? ನಾವು ಶೈತ್ಯೀಕರಣದ ಪ್ರಯೋಗದಲ್ಲಿ ಮಾಡಿದ ತಪ್ಪು ಅದೇ ತಾನೆ? ರಸ್ಟಿನ ಕಂಪೈಲರ್ ಕೂಡಲೆ ತಡೆಯುತ್ತದೆ. ಈ ಕ್ಲೋಷರ್ ಈಗಿನ ಫಲನಕ್ಕಿಂತ ಹೆಚ್ಚು ಕಾಲ ಬದುಕಬಹುದು, ಆದರೆ ಅದು ಎರವಲು ಪಡೆದಿರುವ ಬೆಲೆ ಈ ಫಲನದ ಒಡೆತನದಲ್ಲಿದೆ ಎಂಬರ್ಥದ ಸಂದೇಶವನ್ನು ಕೊಡುತ್ತದೆ. ದೋಷಗಳ ಪಟ್ಟಿಯಲ್ಲಿ ಇದರ ಸಂಖ್ಯೆ 373. ಅಷ್ಟೇ ಅಲ್ಲ, ಕ್ಲೋಷರಿನ ಹಿಂದೆ 'ಮೂವ್' ಎಂಬ ಪದವನ್ನು ಸೇರಿಸಿ ನೋಡಿರೆಂದು ಸಲಹೆಯನ್ನೂ ಕೊಡುತ್ತದೆ. ಮೂವ್ ಎಂದರೆ ಸಾಗಿಸು. ಆ ಪದವನ್ನು ಸೇರಿಸಿದಾಗ ಕ್ಲೋಷರ್ ಎರವಲನ್ನು ಬಿಟ್ಟು ಬೆಲೆಯನ್ನೇ ತನ್ನೊಳಗೆ ತೆಗೆದುಕೊಳ್ಳುತ್ತದೆ. ಸಂಖ್ಯೆಯಂಥ ಸರಳ ಬೆಲೆಯಾದರೆ ಅದರ ನಕಲು ಒಳಗೆ ಸೇರುವುದು. ದೊಡ್ಡ ಪಟ್ಟಿಯಂಥದಾದರೆ ಒಡೆತನವೇ ಕ್ಲೋಷರಿಗೆ ವರ್ಗವಾಗುವುದು. ಹಲಗೆಯನ್ನು ನೋಡುವುದರ ಬದಲು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡಂತೆ.

ಹಾಗಾದರೆ ಯಾವಾಗಲೂ ಚೀಟಿಯನ್ನೇ ಬರೆದುಕೊಳ್ಳಬಾರದೇಕೆ ಎಂದು ವಾಚಕರು ಕೇಳಬಹುದು. ಚೀಟಿಗೂ ಒಂದು ಕೊರತೆಯಿದೆ. ಪ್ರಯೋಗದ ನಡುವೆ ಉಪಕರಣ ಕೆಳಕ್ಕೆ ಬಿದ್ದು ಶೂನ್ಯ ದೋಷವೇ ಬದಲಾದರೆ, ಜೇಬಿನ ಚೀಟಿಯಲ್ಲಿ ಹಳೆಯ ಬೆಲೆಯೇ ಉಳಿದಿರುತ್ತದೆ. ಅದಲ್ಲದೆ ಲಕ್ಷಗಟ್ಟಲೆ ಅಳತೆಗಳ ಪಟ್ಟಿಯನ್ನು ಸುಮ್ಮನೆ ನಕಲು ಮಾಡುವುದು ದಂಡ. ಯಾವುದು ಯುಕ್ತವೆಂದು ಆರಿಸುವುದು ಬರೆಯುವವನ ಕೆಲಸ. ಆರಿಸಿದುದು ಅಪಾಯಕರವಲ್ಲವೆಂದು ನೋಡುವುದು ಕಂಪೈಲರಿನ ಕೆಲಸ.

ಮೂರು ಬಗೆಯ ಕ್ಲೋಷರುಗಳು

ಹಿಡಿದಿಟ್ಟ ಬೆಲೆಯನ್ನು ಏನು ಮಾಡುತ್ತದೆ ಎಂಬುದನ್ನು ನೋಡಿ ರಸ್ಟ್ ಕ್ಲೋಷರುಗಳನ್ನು ಮೂರು ವರ್ಗಗಳಾಗಿ ವಿಂಗಡಿಸುತ್ತದೆ.

ಮೊದಲನೆಯದು ಎಫ್ಎನ್. ಇದು ನೆನಪನ್ನು ಓದುತ್ತದೆ, ತಿದ್ದುವುದಿಲ್ಲ. ಶೂನ್ಯ ದೋಷದ ಕ್ಲೋಷರ್ ಈ ವರ್ಗದ್ದು. ಇದನ್ನು ಸಾವಿರ ಸಲ ಕರೆದರೂ ನೆನಪು ಹಾಗೆಯೇ ಇರುವುದು.

ಎರಡನೆಯದು ಎಫ್ಎನ್-ಮ್ಯೂಟ್. ಇದು ನೆನಪನ್ನು ತಿದ್ದುತ್ತದೆ. ಲೋಲಕದ ಆಂದೋಲನಗಳನ್ನು ಎಣಿಸುವ ಕ್ಲೋಷರ್ ಇದಕ್ಕೆ ನಿದರ್ಶನ. ಕರೆದಾಗಲೆಲ್ಲ ಅದು ಎಣಿಕೆಗೆ ಒಂದನ್ನು ಕೂಡಿಸುವುದು. ಎಣಿಸುವವನ ಕೈಯಲ್ಲಿ ಸೀಮೆಸುಣ್ಣ ಇರುವಷ್ಟು ಕಾಲವೂ ಬೇರೊಬ್ಬನು ಆ ಎಣಿಕೆಯನ್ನು ತಿದ್ದುವುದಿರಲಿ, ಓದುವುದನ್ನು ಸಹ ಕಂಪೈಲರ್ ಒಪ್ಪುವುದಿಲ್ಲ. ಅರ್ಧ ಬರೆದ ಸಂಖ್ಯೆಯನ್ನು ಓದುವ ಅಪಾಯ ಹೀಗೆ ತಪ್ಪುತ್ತದೆ.

ಮೂರನೆಯದು ಎಫ್ಎನ್-ಒನ್ಸ್. ಇದು ನೆನಪನ್ನೇ ಇನ್ನೊಬ್ಬರಿಗೆ ಒಪ್ಪಿಸಿಬಿಡುತ್ತದೆ. ದಾಖಲೆ ಪುಸ್ತಕವನ್ನು ಪರೀಕ್ಷಕರ ಕೈಗೆ ಕೊಡುವ ವಿದ್ಯಾರ್ಥಿಯನ್ನು ನೆನೆಸಿಕೊಳ್ಳಿರಿ. ಒಮ್ಮೆ ಕೊಟ್ಟಮೇಲೆ ಮತ್ತೊಮ್ಮೆ ಕೊಡಲು ಅವನಲ್ಲಿ ಪುಸ್ತಕವೇ ಇಲ್ಲ. ಆದುದರಿಂದ ಇಂಥ ಕ್ಲೋಷರನ್ನು ಒಂದೇ ಒಂದು ಸಲ ಕರೆಯಬಹುದು. ಎರಡನೆಯ ಸಲ ಕರೆದರೆ ಅನುವಾದದಲ್ಲಿಯೇ ದೋಷ.

ಈ ವಿಂಗಡಣೆಯನ್ನು ನಾವು ಮಾಡಬೇಕಾಗಿಲ್ಲ. ಕ್ಲೋಷರಿನ ಒಡಲನ್ನು ಓದಿ ಕಂಪೈಲರೇ ಮಾಡುತ್ತದೆ. ಮೂರಕ್ಕೂ ಒಂದು ಸಂಬಂಧವಿದೆ. ಒಂದೇ ಸಲ ಕೆಲಸಮಾಡುವ ಆಳು ಬೇಕೆಂದು ಕೇಳಿದವರಿಗೆ, ಎಷ್ಟು ಸಲವಾದರೂ ಮಾಡಬಲ್ಲ ಆಳನ್ನು ಕೊಟ್ಟರೆ ಅಡ್ಡಿಯೇನು? ಹಾಗೆಯೇ ಎಫ್ಎನ್-ಒನ್ಸ್ ಕೇಳಿದ ಕಡೆ ಉಳಿದೆರಡನ್ನೂ, ಎಫ್ಎನ್-ಮ್ಯೂಟ್ ಕೇಳಿದ ಕಡೆ ಎಫ್ಎನ್ನನ್ನೂ ಕೊಡಬಹುದು. ಇದರ ವಿಲೋಮ ಮಾತ್ರ ಸಲ್ಲದು.

ಗಣಕವು ಒಂದೇ ಕಾಲದಲ್ಲಿ ಹಲವು ಎಳೆಗಳಲ್ಲಿ, ಎಂದರೆ ಥ್ರೆಡ್ಡುಗಳಲ್ಲಿ, ಕೆಲಸಮಾಡುವಾಗ ಈ ಎಚ್ಚರಿಕೆಗಳ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಹೊಸ ಎಳೆಗೆ ಮಾಡಬೇಕಾದ ಕೆಲಸವನ್ನು ಕ್ಲೋಷರಿನ ರೂಪದಲ್ಲಿಯೇ ಕೊಡುವರು. ಆ ಎಳೆ ಯಾವಾಗ ಮುಗಿಯುವುದೋ ಯಾರೂ ಅರಿಯರು. ಅದನ್ನು ಹುಟ್ಟಿಸಿದ ಫಲನ ಅದಕ್ಕೆ ಮೊದಲೇ ಮುಗಿದುಹೋಗಬಹುದು. ಆದಕಾರಣ ಸಾಮಾನ್ಯ ಎಳೆಗೆ ಕೊಡುವ ಕ್ಲೋಷರ್ ಅಂಥ ಫಲನದ ಬೆಲೆಗಳನ್ನು ಎರವಲು ಪಡೆಯುವಂತಿಲ್ಲ. ತನಗೆ ಬೇಕಾದುದನ್ನು ಮೂವ್ ಪದದಿಂದ ಸ್ವಂತ ಮಾಡಿಕೊಳ್ಳಬೇಕು. ಎಲ್ಲ ಎಳೆಗಳೂ ಮುಗಿಯುವವರೆಗೆ ತಾಯಿಯ ಫಲನ ಕಾದಿರುವುದೆಂಬ ಭರವಸೆಯನ್ನು ಕೊಡುವ ಇನ್ನೊಂದು ವ್ಯವಸ್ಥೆ 2022ರ 1.63ನೆಯ ಆವೃತ್ತಿಯಲ್ಲಿ ಬಂದಿತು. ಅದರಲ್ಲಿ ಎರವಲಿಗೂ ಅವಕಾಶವುಂಟು. ಎರಡರಲ್ಲಿಯೂ ತತ್ತ್ವ ಒಂದೇ: ನೆನಪು ಫಲನಕ್ಕಿಂತ ಮೊದಲು ಸಾಯಬಾರದು.

ಇದಕ್ಕೆ ತೆರುವ ಬೆಲೆ

ಇಷ್ಟೆಲ್ಲ ಕಾವಲಿದ್ದರೆ ಕ್ರಮವಿಧಿ ನಿಧಾನವಾಗದೆ? ಆಗುವುದಿಲ್ಲ, ಕಾವಲು ಅನುವಾದದ ಕಾಲದಲ್ಲಿಯೇ ಮುಗಿದಿರುತ್ತದೆ. ಓಡುವಾಗ ಕ್ಲೋಷರ್ ಎಂದರೆ ಹಿಡಿದಿಟ್ಟ ಬೆಲೆಗಳ ಒಂದು ಪುಟ್ಟ ಗಂಟು, ಅಷ್ಟೆ. ದಶಾಂಶ ಸಂಖ್ಯೆಯೊಂದನ್ನು ಸ್ವಂತ ಮಾಡಿಕೊಂಡ ನಮ್ಮ ಶೂನ್ಯ ದೋಷದ ಕ್ಲೋಷರ್ ಆ ಸಂಖ್ಯೆಗೆ ಬೇಕಾದ 8 ಬೈಟುಗಳನ್ನು ಮಾತ್ರ ಹಿಡಿಯುತ್ತದೆ. ಏನನ್ನೂ ಹಿಡಿಯದ ಅನಾಮಿಕ ಫಲನದ ಗಾತ್ರ ಸೊನ್ನೆ. ನೋಡಲು ಒಂದೇ ರೀತಿಯಾಗಿರುವ ಎರಡು ಕ್ಲೋಷರುಗಳನ್ನು ಬರೆದರೂ ಕಂಪೈಲರ್ ಅವುಗಳಿಗೆ ಎರಡು ಬೇರೆ ಬೇರೆ ಜಾತಿಗಳನ್ನು ಗೊತ್ತುಮಾಡುತ್ತದೆ. ಆದುದರಿಂದ ಯಾವ ಸ್ಥಳದಲ್ಲಿ ಯಾವ ಕ್ಲೋಷರನ್ನು ಕರೆಯಲಾಗಿದೆಯೆಂಬುದು ಅದಕ್ಕೆ ಖಚಿತವಾಗಿ ತಿಳಿದಿರುತ್ತದೆ. ಅನೇಕ ವೇಳೆ ಕ್ಲೋಷರಿನ ಒಡಲನ್ನೇ ಆ ಸ್ಥಳದಲ್ಲಿ ನೇರವಾಗಿ ಅಚ್ಚೊತ್ತಿಬಿಡುತ್ತದೆ. 20 ಅಳತೆಗಳಿಂದ ದೋಷವನ್ನು ಕಳೆ, ಅಸಂಭವವಾದವನ್ನು ಬಿಡು, ಉಳಿದವನ್ನು ಕೂಡು ಎಂದು ಮೂರು ಕ್ಲೋಷರುಗಳ ಸರಪಣಿಯನ್ನು ಬರೆದರೂ, ಯಂತ್ರಕ್ಕೆ ತಲುಪುವುದು ಸಾಮಾನ್ಯವಾಗಿ ಕೈಯಿಂದ ಬರೆದ ಒಂದೇ ಆವರ್ತನದಂಥ ಬಿಗಿಯಾದ ಆದೇಶಮಾಲೆ.

ಬೇರೆ ಬೇರೆ ಜಾತಿಯ ಕ್ಲೋಷರುಗಳನ್ನು ಒಂದೇ ಪಟ್ಟಿಯಲ್ಲಿ ಕೂಡಿಡಬೇಕಾದಾಗ ಮಾತ್ರ ಸ್ವಲ್ಪ ವೆಚ್ಚವಾಗುವುದು. ಅಲ್ಲಿ ಒಂದೊಂದನ್ನೂ ಪೆಟ್ಟಿಗೆಯಂಥ ಹೊದಿಕೆಯಲ್ಲಿಟ್ಟು, ಓಡುವ ಕಾಲದಲ್ಲಿ ಒಳಗೆ ಯಾವುದಿದೆಯೆಂದು ನೋಡಿ ಕರೆಯಬೇಕಾಗುವುದು.

ನಿಜವಾದ ಬೆಲೆಯನ್ನು ತೆರುವವನು ಬರೆಯುವವನು. ರಸ್ಟ್ ಕಲಿಯಲು ತೊಡಗಿದ ಹೊಸಬರು ಕಂಪೈಲರಿನ ಆಕ್ಷೇಪಣೆಗಳಿಂದ ಬೇಸರಪಡುವುದುಂಟು. ಸರಿಯಾಗಿಯೇ ಇರುವ ಕ್ರಮವಿಧಿಯನ್ನು ಸಹ ಅದು ಕೆಲವು ವೇಳೆ ಒಪ್ಪುವುದಿಲ್ಲ. ಸುರಕ್ಷಿತವೆಂದು ತನಗೆ ಸಿದ್ಧವಾಗುವವರೆಗೆ ಹಿಂದಕ್ಕೆ ಕಳುಹಿಸುತ್ತದೆ. ಅದರ ಒಪ್ಪಿಗೆಗೆ ಮಿತಿಯೂ ಇದೆ. ಶೂನ್ಯ ದೋಷವನ್ನು ಕಳೆಯುವುದರ ಬದಲು ಕೂಡಿದರೆ ಯಾವ ಕಂಪೈಲರೂ ನಮ್ಮನ್ನು ಕಾಪಾಡದು. ಕಾವಲನ್ನು ಬದಿಗೊತ್ತಿ ಬರೆಯಲು 'ಅನ್‌ಸೇಫ್' ಎಂಬ ದಾರಿಯನ್ನೂ ಭಾಷೆ ಇಟ್ಟಿದೆ. ಆ ದಾರಿಯಲ್ಲಿ ನಡೆದವರ ಹೊಣೆ ಅವರದೇ. ಈ ಮಿತಿಗಳಿದ್ದರೂ 2022ರ ಡಿಸೆಂಬರಿನಲ್ಲಿ ಹೊರಬಂದ 6.1ನೆಯ ಆವೃತ್ತಿಯಲ್ಲಿ ಲಿನಕ್ಸ್ ವ್ಯವಸ್ಥೆಯ ತಿರುಳು ಈ ಭಾಷೆಗೆ ಮೊದಲ ಬಾರಿಗೆ ಬಾಗಿಲು ತೆರೆಯಿತು. ಅಲ್ಲಿಯವರೆಗೆ ಆ ತಿರುಳು ಸಿ ಭಾಷೆ ಮತ್ತು ಯಂತ್ರಕ್ಕೆ ಹತ್ತಿರವಾದ ಅಸೆಂಬ್ಲಿ ಭಾಷೆಗಳ ಕ್ಷೇತ್ರವಾಗಿದ್ದಿತು.

ನಾವು ಶೈತ್ಯೀಕರಣದ ಆ ಕ್ರಮವಿಧಿಯನ್ನು ತರುವಾಯ ರಸ್ಟಿನಲ್ಲಿ ಬರೆದು ನೋಡಿದೆವು. ಕುತೂಹಲಕ್ಕಾಗಿ ಬೇಕೆಂದೇ ಹಿಂದಿನ ತಪ್ಪನ್ನು ಮತ್ತೆ ಮಾಡಿದೆವು. ನೀರು ಕಾಯುವುದಕ್ಕೆ ಮುಂಚೆಯೇ 373ನೆಯ ದೋಷ ಪರದೆಯ ಮೇಲೆ ಮೂಡಿತು. ಒಂದು ಪದವನ್ನು ಸೇರಿಸಿದೆವು. ಅಂದು ಸಂಜೆ ಲಾಗರಿತಮ್ ನಕ್ಷೆಯ ಮೇಲಿನ ಬಿಂದುಗಳು ಒಂದೇ ಸರಳರೇಖೆಯಲ್ಲಿ ನಿಂತುವು.

ಉಕ್ಕಿನ ಗೋಲದ ಪ್ರಯೋಗವನ್ನು ಆ ವಿದ್ಯಾರ್ಥಿ ಮರುವಾರ ಮತ್ತೆ ಮಾಡಿದನು. ಸಾಂದ್ರತೆ 7.8 ಎಂದೇ ಬಂದಿತು. ಅವನ ಪುಸ್ತಕವನ್ನು ತಿದ್ದುವಾಗ ಪುಟದ ಮೇಲ್ಭಾಗದಲ್ಲಿ ಅವನು ಉಪಕರಣದ ಸಂಖ್ಯೆಯನ್ನೂ ಅದರ ಶೂನ್ಯ ದೋಷವನ್ನೂ ಮೊದಲು ಬರೆದುಕೊಂಡು, ಅನಂತರ ಅಳತೆಗೆ ತೊಡಗಿದ್ದುದು ಕಂಡುಬಂದಿತು. ಹಾಗೆ ಮಾಡೆಂದು ನಾವು ಹೇಳಿರಲಿಲ್ಲ. ಅಂದಿನಿಂದ ನಮ್ಮ ಪ್ರಯೋಗಶಾಲೆಯಲ್ಲಿ ಶೂನ್ಯ ದೋಷವನ್ನು ಹಲಗೆಯ ಮೇಲೆ ಬರೆಯುವ ಪದ್ಧತಿಯನ್ನು ನಿಲ್ಲಿಸಿದ್ದೇವೆ.